ಮುಂಚೆಯೇ ಬಂದು ಹೋದವಳು

ಕೆಂಜೆ ಚುನಾವಣೆಗೆ ನಿಂತ ಮೇಲೂ ಯಾರ ಮನೆಗೂ ಮುಂಬಾಗಿಲಿಂದ ಹೋಗಲಿಲ್ಲ. ಇಪ್ಪತ್ತು ವರ್ಷದಿಂದ ಅವಳು ಕೋಕ್‌ಜಾರ್ ಊರಿಗೆ ದನದ ಡಾಕ್ಟರು. ಅವಳಿಗೆ ರೂಢಿಯಿದ್ದದ್ದು ಕೊಟ್ಟಿಗೆಯ ದಾರಿ. ಮುಂಬಾಗಿಲಿಂದ ಹೋದರೆ ಗಂಡಸರು ಎದ್ದು ಜಾಗ ಮಾಡಿಕೊಟ್ಟು, ಈ ಸಲದ ಹುಲ್ಲು, ಕುರಿಗಳ ಕೆಮ್ಮು ಎಂದು ಮಾತು ತೆಗೆದು, ಎರಡು ಬಟ್ಟಲು ಚಹಾ ಕುಡಿಸಿ ಕಳಿಸಿಬಿಡುತ್ತಿದ್ದರು. ಕೊಟ್ಟಿಗೆಯಲ್ಲಾದರೆ ಹೆಂಗಸರು ಸಿಗುತ್ತಿದ್ದರು. ಹಸುವಿನ ಪಕ್ಕೆಗೆ ಹಣೆ ಒತ್ತಿ ಹಾಲು ಕರೆಯುತ್ತ, ಮನೆಯೊಳಗೆ ಆಡದ ಮಾತನ್ನೆಲ್ಲ ಅಲ್ಲಿ ಆಡುತ್ತಿದ್ದರು.

ನವೆಂಬರಿನ ಆ ಬೆಳಗ್ಗೆ ಅವಳು ಹೆಪ್ಪುಗಟ್ಟಿದ ಹೊಳೆ ದಾಟಿ ಮೇಲಿನ ಕೇರಿಗೆ ಹೋದವಳು ಮೊದಲು ನುಗ್ಗಿದ್ದು ಸಾದತಳ ಕೊಟ್ಟಿಗೆಗೆ. ಸಾದತಳಿಗೆ ಇಪ್ಪತ್ತೆರಡು ವರ್ಷ. ಕೆಂಜೆ ಊರಸಭೆಗೆ ನಿಲ್ಲುವ ಮನಸ್ಸು ಮಾಡಿದ್ದೇ ಈ ಹುಡುಗಿಯ ದೆಸೆಯಿಂದ. ಮೇ ತಿಂಗಳಲ್ಲಿ ಹೊಳೆ ಉಕ್ಕಿ, ಎರಡು ಮರದ ದಿಮ್ಮಿ ಹಾಸಿದ್ದ ಕಾಲುಸೇತುವೆ ಕೊಚ್ಚಿಹೋಗಿತ್ತು. ಸುತ್ತುದಾರಿಯ ಮೇಲೆ ಗುಡ್ಡ ಜಾರಿತ್ತು. ಸಾದತಳಿಗೆ ಹೆರಿಗೆ ನೋವು ಬಂದಾಗ ಡಾಕ್ಟರಿರಲಿ, ನರ್ಸು ಕೂಡ ಈಚೆ ದಡದಿಂದ ಹೋಗುವಂತಿರಲಿಲ್ಲ. ದನ ನೋಡಲು ಬಂದು ಆಚೆ ದಡದಲ್ಲೇ ಸಿಕ್ಕಿಹಾಕಿಕೊಂಡಿದ್ದ ಕೆಂಜೆಯನ್ನೇ ಎಳೆದುಕೊಂಡು ಹೋದರು. ಕರು ಅಡ್ಡ ತಿರುಗಿದಾಗ ಹಸುವಿಗೆ ಏನು ಮಾಡುತ್ತಿದ್ದಳೋ ಅದನ್ನೇ ಅವಳು ಆ ಹುಡುಗಿಗೆ ಮಾಡಿದಳು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಅಲ್ಲೊಂದು ಗಟ್ಟಿ ಸೇತುವೆ ಕಟ್ಟುವ ಮಾತು ಪ್ರತಿ ವರ್ಷ ಸಭೆಯಲ್ಲಿ ಬಂದು ಪ್ರತಿ ವರ್ಷ ಮುಂದಕ್ಕೆ ಹೋಗುತ್ತಿತ್ತು. ಸಭೆಯಲ್ಲಿ ಕೂತವರಲ್ಲಿ ಯಾರೂ ಆ ಹೊಳೆಯನ್ನು ಬಿಂದಿಗೆ ಹೊತ್ತು ದಾಟಿದವರಲ್ಲ.

ಊರ ಕಿರಿಯರೆಲ್ಲ ಕೆಂಜೆಯನ್ನು ಎಜೆ, ಅಂದರೆ ಅಕ್ಕ, ಅನ್ನುತ್ತಿದ್ದರು. ಸಾದತ್ ಹಾಲು ಕರೆಯುವುದನ್ನು ನಿಲ್ಲಿಸದೆಯೇ ಹೇಳಿದಳು: "ನೀವು ಕೇಳೋದೇ ಬೇಡ, ಎಜೆ. ನಿಮ್ಮ ಕಡೆಯೋರು ನಿನ್ನೆನೇ ಬಂದು ಹೋದ್ರಲ್ಲ."

"ನನ್ನ ಕಡೆಯೋರು ಯಾರು?"

"ಆ ಅಜ್ಜಿ."

ಕೆಂಜೆಗೆ ಕಡೆಯವರು ಅಂತ ಯಾರೂ ಇರಲಿಲ್ಲ. ಗಂಡ ಕುಬಾನ್ ಕೂಡ ಅವಳ ಭಿತ್ತಿಪತ್ರ ಅಂಟಿಸಲು ಹಿಂದೆಮುಂದೆ ನೋಡಿದ್ದ. ಯಾವ ಅಜ್ಜಿ ಎಂದು ಕೇಳಿದ್ದಕ್ಕೆ ಸಾದತ್ ಹೇಳಿದಳು: ಗಂಡಸರು ಹುಲ್ಲು ತರಲು ಹೋಗಿದ್ದ ಹೊತ್ತು. ಹಳೇ ಕಾಲದ ಹಾಗೆ ಗಲ್ಲದ ಕೆಳಗೆ ಬಿಗಿದ ಬಿಳಿ ಬಟ್ಟೆ. ಲಂಗದ ಅಂಚು ತೊಯ್ದಿತ್ತು. ಒಂದು ಕಾಲಿಗೆ ಉಣ್ಣೆಯ ಬೂಟು, ಇನ್ನೊಂದು ಬರಿಗಾಲು. ಒಲೆ ಹತ್ತಿರ ಕೂರಿಸಿ ಹಾಲು ಹಾಕಿದ ಚಹಾ ಕೊಟ್ಟಳಂತೆ. ಅಜ್ಜಿ ಬಟ್ಟಲನ್ನು ಕೈಯಲ್ಲಿ ಹಿಡಿದೇ ಇದ್ದಳೇ ಹೊರತು ಕುಡಿಯಲಿಲ್ಲ. ಕೇಳಿದ್ದು ಒಂದೇ ಮಾತು, ನಿನ್ನ ಗುರುತಿನ ಕಾರ್ಡು ಯಾರ ಹತ್ತಿರ ಇದೆ ಮಗಳೇ, ಅಂತ.

"ಮಾವನ ಪೆಟ್ಟಿಗೇಲಿದೆ ಅಂದೆ. ಹಾಗಾದ್ರೆ ಈಗ್ಲೇ ತೆಗೆದಿಟ್ಕೋ, ಅಂದ್ಲು. ಅಷ್ಟೇ. ನಾನು ಬೋರ್ಸೋಕ್ ರೊಟ್ಟಿ ತರೋಕೆ ಒಳಗೆ ಹೋಗಿ ಬರೋಷ್ಟರಲ್ಲಿ ಇರಲಿಲ್ಲ." ಸಾದತ್ ರವಿಕೆಯೊಳಗಿಂದ ಕಾರ್ಡನ್ನು ಅರ್ಧ ಹೊರಗೆಳೆದು ತೋರಿಸಿದಳು. "ತೆಗೆದಿಟ್ಕೊಂಡಿದ್ದೀನಿ. ಯಾಕೋ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ."

ಮುಂದಿನ ಮನೆಯಲ್ಲೂ ಅಜ್ಜಿ ಬಂದಿದ್ದಳು. ಅದರಾಚೆಯ ಮನೆಯಲ್ಲೂ. ಎಲ್ಲ ಕಡೆ ಗಂಡಸರಿಲ್ಲದ ಹೊತ್ತು, ಅದೇ ತೊಯ್ದ ಲಂಗ, ಅದೇ ಪ್ರಶ್ನೆ. ಒಂದು ಮನೆಯಲ್ಲಿ ಅವಳು ಕೂತಿದ್ದ ಕಂಬಳಿ ಇನ್ನೂ ಆರಿರಲಿಲ್ಲ. ಒಲೆಯ ಪಕ್ಕದಲ್ಲೇ ಹಾಸಿದ್ದರೂ ಆರಿರಲಿಲ್ಲ. ಕೆಂಜೆ ಮುಟ್ಟಿ ನೋಡಿದಳು. ಹೊಳೆಯ ಕಲ್ಲು ಮುಟ್ಟಿದಂತಿತ್ತು.

ನಾಲ್ಕು ದಿನದಿಂದ ಹೊಸ ಹಿಮ ಬಿದ್ದಿರಲಿಲ್ಲ. ಅಂಗಳದ ಹೆಜ್ಜೆಗಳೆಲ್ಲ ಗಟ್ಟಿಯಾಗಿ ಅಚ್ಚು ಒತ್ತಿದ ಹಾಗೆ ಉಳಿದಿದ್ದವು. ವಾಪಸು ಬರುವಾಗ ಕೆಂಜೆಗೆ ಒಂದು ಬೂಟಿನ, ಒಂದು ಬರಿಗಾಲಿನ ಗುರುತು ಕಂಡಿತು. ಗೊರಸಿನ ಗುರುತು ಓದಿ ಓದಿ ಅಭ್ಯಾಸವಿದ್ದ ಕಣ್ಣು ಅವಳದು. ಹೆಜ್ಜೆಗಳು ಹೊಳೆಯಿಂದ ಹತ್ತಿ ಬಂದು, ಕವಲೊಡೆದು ಪ್ರತಿ ಮನೆಯ ಬಾಗಿಲಿಗೂ ಹೋಗಿದ್ದವು. ಅವಳು ಎರಡು ಸಲ ಕೇರಿಯ ಉದ್ದಕ್ಕೂ ನಡೆದು ಹುಡುಕಿದಳು. ಯಾವ ಬಾಗಿಲಿಂದಲೂ ಹೊರಗೆ ಬಂದ ಹೆಜ್ಜೆ ಇರಲಿಲ್ಲ.

ಮನೆಗೆ ಬಂದಾಗ ಗಂಡನ ಅಣ್ಣ ಶಾರ್ಶೆನ್ ಕೂತಿದ್ದ. ಜೊತೆಗೆ ಊರ ಹಿರಿಯ ಓಮುರ್ಜಾಕ್, ಇನ್ನಿಬ್ಬರು ಬಿಳಿಗಡ್ಡದವರು. ಕಲ್ಪಾಕ್ ಟೊಪ್ಪಿಗಳನ್ನು ಮಂಡಿಯ ಮೇಲೆ ಇಟ್ಟುಕೊಂಡಿದ್ದರು, ಸಾವಿನ ಮನೆಗೆ ಬಂದವರ ಹಾಗೆ. ಕುಬಾನ್ ಬಾಗಿಲ ಹತ್ತಿರ ನೆಲ ನೋಡುತ್ತ ಕೂತಿದ್ದ. ಅತ್ತೆ ಬತ್ಮಾ ಮೂಲೆಯಲ್ಲಿ ಉಣ್ಣೆ ಹಿಂಜುತ್ತಿದ್ದಳು.

ಓಮುರ್ಜಾಕನ ಮಾತು ಯಾವತ್ತೂ ಮೆತ್ತಗೆ. ಹೆಂಗಸರಿಗೆ ಅಂತ ಕಾನೂನು ಮೀಸಲಿಟ್ಟ ಸ್ಥಾನಗಳನ್ನು ಹಿರಿಯರು ಕೂತು ಆಗಲೇ ಹಂಚಿ ಆಗಿತ್ತು, ಈ ವಂಶಕ್ಕೊಂದು, ಆ ವಂಶಕ್ಕೊಂದು. ಶಾರ್ಶೆನ್, ಓಮುರ್ಜಾಕ್ ಇಬ್ಬರದೂ ಒಂದೇ ವಂಶ, ಅದರ ಪಾಲಿನ ಸ್ಥಾನಕ್ಕೆ ಓಮುರ್ಜಾಕನ ಸೊಸೆ. ಪಾಪ, ಒಳ್ಳೆ ಹುಡುಗಿ, ಕೈ ಎತ್ತು ಅಂದಾಗ ಎತ್ತುತ್ತಾಳೆ. ಕೆಂಜೆ ನಡುವೆ ಬಂದರೆ ಓಟು ಒಡೆಯುತ್ತದೆ, ಊರು ಒಡೆಯುತ್ತದೆ. ಆದ್ದರಿಂದ ಹೆಸರು ವಾಪಸು ತಗೊಂಡರೆ ಹಿರಿಯರೆಲ್ಲ ಸೇರಿ ಅವಳಿಗೆ ಆಶೀರ್ವಾದ ಮಾಡುತ್ತಾರೆ. ತಗೊಳ್ಳದಿದ್ದರೆ ಮಾಡುವುದಿಲ್ಲ. ಆಶೀರ್ವಾದ ಮಾಡದ ಮನೆಯ ಮದುವೆಗೆ, ಮಣ್ಣಿಗೆ ಯಾರು ಬರುತ್ತಾರೆ ಎಂಬುದನ್ನು ಅವನು ಹೇಳಲಿಲ್ಲ. ಹೇಳುವುದು ಬೇಕಿರಲಿಲ್ಲ.

ಶಾರ್ಶೆನ್ ಅಷ್ಟು ಮೆತ್ತಗಿರಲಿಲ್ಲ. "ಹಸುವಿನ ಹೊಟ್ಟೆಗೆ ಮೊಣಕೈವರೆಗೆ ಹಾಕೋ ಕೈ ನಿಂದು," ಎಂದ. "ಅದೇ ಕೈನ ಸಭೇಲಿ ಎತ್ತಿದ್ರೆ ಗಂಡಸರು ಮೂಗು ಮುಚ್ಕೋಬೇಕಾಗುತ್ತೆ."

"ನಿಮ್ಮ ಕೆಂಪು ಕುದುರೆ ಮರಿ ಹಾಕುವಾಗ ಮೂಗು ಮುಚ್ಕೊಂಡಿರಲಿಲ್ಲ, ಬಾಯ್ಕೆ," ಎಂದಳು ಕೆಂಜೆ, ಹಿರಿಯಣ್ಣನನ್ನು ಕರೆಯುವ ಆ ಮಾತನ್ನು ಒತ್ತಿ. "ಅತ್ತಿದ್ರಿ."

ಶಾರ್ಶೆನ್ ಜೇಬಿನಿಂದ ಟೈಪು ಮಾಡಿಸಿ ತಂದ ಕಾಗದ ತೆಗೆದು ಕಂಬಳಿಯ ಮೇಲಿಟ್ಟ. ಹೆಸರು ವಾಪಸು ಪಡೆಯುವ ಅರ್ಜಿ. ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಸಹಿ ಹಾಕಿ ಕಚೇರಿಗೆ ಮುಟ್ಟಿಸಬೇಕು.

ಅವರು ಹೋದ ಮೇಲೆ ಕುಬಾನ್ ಚಹಾ ಬಟ್ಟಲುಗಳನ್ನು ಒಂದೊಂದಾಗಿ ಎತ್ತಿಟ್ಟ. ಕೊನೆಗೆ, ಅಣ್ಣನ ಎದುರು ತಲೆ ಎತ್ತಿ ತನಗೆ ಅಭ್ಯಾಸವಿಲ್ಲ, ನೀನು ಗೆದ್ದರೂ ನಾನು ಇದೇ ಊರಲ್ಲಿ ಬದುಕಬೇಕು ಎಂದ. ಅವನು ಕೆಟ್ಟವನಲ್ಲ. ಅದೇ ಕೆಂಜೆಗೆ ಹೆಚ್ಚು ಸುಸ್ತು ಮಾಡಿತು. ಶುಕ್ರವಾರ ಬೆಳಗ್ಗೆ ಅವಳು ಕಾಗದಕ್ಕೆ ಸಹಿ ಹಾಕಿ ಕೋಟಿನ ಜೇಬಿಗೆ ಇಟ್ಟುಕೊಂಡಳು. ಮೇಲಿನ ಕೇರಿಯಲ್ಲಿ ಒಂದು ಹಸುವಿಗೆ ಹೊಟ್ಟೆ ಉಬ್ಬರಿಸಿತ್ತು. ಅದನ್ನು ನೋಡಿಕೊಂಡು, ಬರುವಾಗ ಕಚೇರಿಗೆ ಹೋದರಾಯಿತು ಅಂದುಕೊಂಡಳು.

ಹಸುವಿನ ಕೆಲಸ ಮುಗಿಸಿ ಹೊಳೆಗೆ ಇಳಿದಾಗ ಮಂಜು ಕವಿದಿತ್ತು. ಹೊತ್ತು ನಡುಹಗಲಿಗೆ ಹತ್ತಿರ, ಆದರೂ ಸೂರ್ಯ ಎಲ್ಲಿದ್ದಾನೆಂದು ಗೊತ್ತಾಗುತ್ತಿರಲಿಲ್ಲ. ಎಲ್ಲ ಕಡೆಯಿಂದಲೂ ಒಂದೇ ಬಿಳಿ ಬೆಳಕು. ದಡವೂ ಮಂಜುಗಡ್ಡೆಯೂ ಆಕಾಶವೂ ಒಂದೇ ಬಟ್ಟೆಯಲ್ಲಿ ಕತ್ತರಿಸಿದಂತಿದ್ದವು. ಅವಳು ಐವತ್ತು ಹೆಜ್ಜೆ ನಡೆದಿರಬೇಕು, ಎದುರಿಗೆ ಯಾರೋ ಹೋಗುತ್ತಿರುವುದು ಕಂಡಿತು. ಬಿಳಿ ತಲೆಬಟ್ಟೆ. ಒಂದು ಹೆಜ್ಜೆ ಭಾರ, ಒಂದು ಹಗುರ. ಬೂಟಿನ ಸದ್ದು ಬರುತ್ತಿತ್ತು, ಆಮೇಲೆ ಸದ್ದಿಲ್ಲ, ಮತ್ತೆ ಬೂಟು.

ಕೆಂಜೆ ಕೂಗಲಿಲ್ಲ. ಹಿಂದೆಯೇ ನಡೆದಳು. ಹೊಳೆಯ ನಟ್ಟನಡುವೆ ಆ ಹೆಂಗಸು ನಿಂತಳು. ತಿರುಗಲಿಲ್ಲ.

"ಗಂಟೆ ಎಷ್ಟಾಯ್ತು?"

ದನಿ ಅಜ್ಜಿಯದಾಗಿರಲಿಲ್ಲ. ಇನ್ನೂ ವಯಸ್ಸಾಗದ ಹೆಂಗಸಿನದು, ಅವಸರದಲ್ಲಿರುವವಳದು. ಕೆಂಜೆ ಕೈಗವಸು ಸರಿಸಿ ಗಡಿಯಾರ ನೋಡಿದಳು. ನಾಲಿಗೆ ತಾನಾಗಿ ಹೇಳಿತು: "ಹನ್ನೊಂದು."

"ಹೌದು. ಹಾಗಂತಲೇ ನನಗೆ ಹೇಳಿದ್ದು."

ಕೆಂಜೆ ತಲೆ ಎತ್ತಿದಾಗ ಮಂಜು ಬಿಟ್ಟು ಬೇರೇನೂ ಇರಲಿಲ್ಲ. ಮೂರು ಹೆಜ್ಜೆ ಮುಂದೆ ಆ ಗುರುತುಗಳು ನಿಂತುಹೋಗಿದ್ದವು. ಅಲ್ಲಿಂದಾಚೆ ಮಂಜುಗಡ್ಡೆಯ ಬಣ್ಣ ಬೇರೆ, ಕಪ್ಪು. ದನಗಳಿಗೆ ನೀರು ಕುಡಿಸಲು ಯಾರೋ ಒಡೆದಿದ್ದ ಗುಂಡಿ ರಾತ್ರಿ ತೆಳ್ಳಗೆ ಕಟ್ಟಿಕೊಂಡು, ಮೇಲೆ ಹಿಮದ ಪುಡಿ ಕೂತಿತ್ತು. ಅವಳು ಕೈಯಲ್ಲಿದ್ದ ಕೋಲಿನಿಂದ ತಟ್ಟಿದಳು. ಕೋಲು ಒಳಗೆ ಹೋಯಿತು, ನೀರು ಅದನ್ನು ಕಿತ್ತುಕೊಂಡಿತು. ಆ ಪ್ರಶ್ನೆ ನಿಲ್ಲಿಸದೆ ಇದ್ದಿದ್ದರೆ ಅವಳು ಅದರ ಮೇಲೇ ಕಾಲಿಡುತ್ತಿದ್ದಳು.

ಅವಳು ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು, ಮೇಲಿನಿಂದ ಸುತ್ತು ಹಾಕಿ ದಡ ಹತ್ತಿದಳು. ಕಚೇರಿಗೆ ಹೋಗಲಿಲ್ಲ. ನೇರ ಮನೆಗೆ ಬಂದಳು. ಬತ್ಮಾ ಒಬ್ಬಳೇ ಹಿಟ್ಟು ನಾದುತ್ತಿದ್ದಳು. ಎಪ್ಪತ್ತಮೂರರ ಆ ಹೆಂಗಸು ಸೊಸೆಯೊಂದಿಗೆ ಬೇಕಾದಷ್ಟೇ ಮಾತಾಡುವವಳು. ಆ ಮನೆಯಲ್ಲಿ ಅವಳ ದನಿ ಒಲೆಯ ಸದ್ದಿಗಿಂತ ಮೇಲೆ ಹೋದದ್ದನ್ನು ಯಾರೂ ಕೇಳಿರಲಿಲ್ಲ. ಕೆಂಜೆ ಕೋಟು ಕೂಡ ಬಿಚ್ಚದೆ ಕೂತು ಎಲ್ಲವನ್ನೂ ಹೇಳಿದಳು. ಕಂಬಳಿ, ಹೆಜ್ಜೆ, ಹೊಳೆ, ಗಂಟೆ.

ಬತ್ಮಾ ನಾದುತ್ತಲೇ, ಹೆತ್ತ ಮಗುವನ್ನು ಕರೆಯುವ ಹಾಗೆ ಕರೆದು ಕೇಳಿದಳು: "ಬೂಟು ಯಾವ ಕಾಲಿಗಿತ್ತು, ಬಾಲಂ?"

"ಎಡಗಾಲಿಗೆ."

"ಹೂಂ. ಬಲಗಾಲಿಂದು ಆ ವಸಂತದಲ್ಲಿ ಸಿಕ್ತು. ಕೆಳಗಿನ ಗಿರಣಿ ಹತ್ತಿರ. ಹೆಣ ಸಿಗಲಿಲ್ಲ, ಅದನ್ನೇ ಮಣ್ಣು ಮಾಡಿದ್ವಿ."

ಆಮೇಲೆ ಅವಳು ಕೈಗೆ ಅಂಟಿದ ಹಿಟ್ಟನ್ನು ಬೆರಳು ಬೆರಳಾಗಿ ಬಿಡಿಸಿಕೊಳ್ಳುತ್ತ ಹೇಳಿದಳು. ಆ ಬೂಟಿನವಳ ಹೆಸರು ಜಿಯ್ದೆ. ಮೇಲಿನ ಕೇರಿಯವಳು, ಊರಿನ ಸಾಮೂಹಿಕ ಫಾರ್ಮಿನಲ್ಲಿ ಹಾಲು ಕರೆಯುವವಳು. ಆಗಲೂ ಸಭೆಯಲ್ಲಿ ಇಷ್ಟು ಜನ ಹೆಂಗಸರು ಇರಬೇಕು ಅಂತ ಮೇಲಧಿಕಾರಿಗಳ ಅಪ್ಪಣೆ ಇತ್ತು. ಹಾಗಾಗಿ ಅವಳನ್ನು ಆರಿಸಿ ಕೂರಿಸಿದ್ದರು. ಕೈ ಎತ್ತುತ್ತಾಳೆ ಅಂದುಕೊಂಡಿದ್ದರು. ಮೂರನೇ ಸಭೆಯಲ್ಲಿ ಅವಳು ಎದ್ದು ನಿಂತು ಸೇತುವೆ ಕೇಳಿದಳು. ಅದರ ಮುಂದಿನ ಸಭೆಯಲ್ಲಿ, ಸೇತುವೆಗೆ ಅಂತ ಬಂದ ಮರ ಯಾರ ಮನೆಯ ಸೂರಿಗೆ ಹೋಯಿತು ಅಂತ ಕೇಳಿದಳು. ಸಭೆಯ ಅಧ್ಯಕ್ಷ ಬತ್ಮಾಳ ಮಾವ. ಬತ್ಮಾ ಆಗ ಮದುವೆಯಾಗಿ ಬಂದ ಹೊಸತು, ಹದಿನೆಂಟು ವರ್ಷ. ಸಭೆಯ ಸುದ್ದಿಯನ್ನು ಜಿಯ್ದೆಗೆ ಮುಟ್ಟಿಸುವ ಕೆಲಸ ಅವಳದು. ಹನ್ನೊಂದಕ್ಕೆ ಅಂತ ಮುಟ್ಟಿಸಿದ್ದಳು. ಆಮೇಲೆ ಮಾವ ಅದನ್ನು ಹತ್ತಕ್ಕೆ ಬದಲಾಯಿಸಿ, ಆಚೆ ಕೇರಿಗೆ ಹೇಳೋದು ಬೇಡ ಎಂದ.

"ನಾನು ಬಕೆಟ್ ಹಿಡ್ಕೊಂಡು ದಡದಲ್ಲಿದ್ದೆ. ಆಚೆಯಿಂದ ಅವಳಿಗೆ ಜನ ಸೇರ್ತಿರೋದು ಕಂಡಿರಬೇಕು. ಸುತ್ತಿ ಬರೋಕೆ ಹೊತ್ತಿಲ್ಲ ಅಂತ ಮಂಜುಗಡ್ಡೆ ಮೇಲೆ ಓಡಿ ಬಂದ್ಲು. ನೇರ ಗುಂಡಿ ಕಡೆಗೆ. ಆ ಗುಂಡೀನ ಬೆಳಗ್ಗೆ ಒಡೆದೋಳು ನಾನೇ. ನನಗೆ ಗೊತ್ತಿತ್ತು." ಬತ್ಮಾ ಬೆರಳಿನ ಹಿಟ್ಟನ್ನು ಮತ್ತೆ ಉಜ್ಜಿದಳು. "ಮಾವ ಹಿಂದೆ ಜಗಲಿ ಮೇಲೆ ನಿಂತಿದ್ದ. ಹೊಸ ಸೊಸೆ ಮಾವನ ಕಿವಿಗೆ ಬೀಳೋ ಹಾಗೆ ದನಿ ಎತ್ತಬಾರದು. ಬಾಯಿ ತೆಗೆದೆ ಬಾಲಂ. ತೆಗೆದೆ. ದನಿ ಬರಲಿಲ್ಲ."

ಸಭೆಯ ಪುಸ್ತಕದಲ್ಲಿ ಆ ದಿನ ಜಿಯ್ದೆಯ ಹೆಸರಿನ ಮುಂದೆ ಗೈರುಹಾಜರು ಅಂತ ಬರೆದರು. ಅದಾದ ಮೇಲೆ ಆ ಕೇರಿಯಿಂದ ಯಾವ ಹೆಂಗಸೂ ಸಭೆಯಲ್ಲಿ ಎದ್ದು ನಿಲ್ಲಲಿಲ್ಲ.

ಬತ್ಮಾ ಕೈ ಚಾಚಿದಳು. ಏನು ಕೇಳುತ್ತಿದ್ದಾಳೆಂದು ಕೆಂಜೆಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಜೇಬಿನಿಂದ ಕಾಗದ ತೆಗೆದು ಕೊಟ್ಟಳು. ಅತ್ತೆಗೆ ಕಣ್ಣು ಮಂಜು, ಓದಲು ಆಗುತ್ತಿರಲಿಲ್ಲ. ಸಹಿ ಇದ್ದ ಜಾಗದ ಮೇಲೆ ಬೆರಳಾಡಿಸಿ, ಕಾಗದವನ್ನು ಮಡಚಿ ಒಲೆಗೆ ಹಾಕಿದಳು. ಗೋಡೆಯ ಗಡಿಯಾರದಲ್ಲಿ ಹನ್ನೆರಡೂಕಾಲು.

ಮತದಾನ ಭಾನುವಾರ. ಮೇಲಿನ ಕೇರಿಯ ಜನರನ್ನು ಸುತ್ತುದಾರಿಯಿಂದ ಶಾಲೆಗೆ ಕರೆತರಲು ವ್ಯಾನು ಕಳಿಸುತ್ತೇನೆ ಎಂದು ಶಾರ್ಶೆನ್ ಮಾತು ಕೊಟ್ಟಿದ್ದ. ಬೆಳಗ್ಗೆ ಎಂಟಾಯಿತು, ವ್ಯಾನು ಹೊರಡಲಿಲ್ಲ. ಗೇರು ಕೆಟ್ಟಿದೆ, ಸಂಜೆಯ ಹೊತ್ತಿಗೆ ಸರಿಹೋಗಬಹುದು ಎಂಬ ಸುದ್ದಿ ಬಂತು. ಕೆಂಜೆ ಶಾಲೆಯ ಅಂಗಳದಲ್ಲಿ ನಿಂತು, ಆಯಿತು, ಇಲ್ಲಿಗೆ ಮುಗಿಯಿತು ಅಂದುಕೊಂಡಳು. ಅಷ್ಟರಲ್ಲಿ ಕುಬಾನ್ ಏದುಸಿರು ಬಿಡುತ್ತ ಬಂದ. ಅಪಾ, ತನ್ನ ತಾಯಿ, ಮನೆಯಲ್ಲಿಲ್ಲ, ಹೊಳೆಯ ಕಡೆ ಹೋದಳಂತೆ ಎಂದ.

ಇಬ್ಬರೂ ಓಡಿದರು. ಮಂಜು ಶುಕ್ರವಾರಕ್ಕಿಂತ ದಟ್ಟವಾಗಿತ್ತು. ಬತ್ಮಾ ದಡದ ತುದಿಯಲ್ಲಿ ಕೋಲೂರಿ ನಿಂತಿದ್ದಳು, ತಲೆ ಒಂದು ಪಕ್ಕಕ್ಕೆ ವಾಲಿಸಿ ಆಲಿಸುತ್ತ. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಹೊಳೆಯ ಮೇಲಿಂದ ಸದ್ದು ಬಂತು. ತುಂಬ ಕಾಲುಗಳು, ನಿಧಾನವಾಗಿ, ಒಂದರ ಹಿಂದೊಂದು. ಮಾತಿಲ್ಲ. ಹೆಂಗಸರು ವ್ಯಾನಿಗೆ ಕಾಯದೆ ಮಂಜುಗಡ್ಡೆಯ ಮೇಲೆ ಹೊರಟುಬಿಟ್ಟಿದ್ದರು. ಮಸುಕಿನಲ್ಲಿ ಮೊದಲ ತಲೆಬಟ್ಟೆ ಕಂಡಿತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಉದ್ದ ಸಾಲು. ಸಾಲು ನೇರ ಆ ಕಪ್ಪು ಗುಂಡಿಯ ಕಡೆಗೆ ಬರುತ್ತಿತ್ತು.

ಕೆಂಜೆ ಬಾಯಿ ತೆಗೆಯುವ ಮೊದಲೇ ಪಕ್ಕದಿಂದ ಒಂದು ಕೂಗು ಎದ್ದಿತು. ಅದು ಮನುಷ್ಯರ ದನಿ ಎಂದು ಅವಳಿಗೆ ತಕ್ಷಣ ಅನಿಸಲಿಲ್ಲ. ಒಡಕು, ಒರಟು, ಐವತ್ತೈದು ವರ್ಷ ತೆರೆಯದ ಬಾಗಿಲಿನದು.

"ಜಿಯ್ದೇ! ಅಲ್ಲಿ ಬೇಡ, ಅಲ್ಲಿ ಗುಂಡಿಯಿದೆ! ಮೇಲಕ್ಕೆ ತಿರುಗು!"

ಗುಡ್ಡಗಳು ಆ ಹೆಸರನ್ನು ತೆಗೆದುಕೊಂಡು ಎರಡು ಸಲ ವಾಪಸು ಕೊಟ್ಟವು. ಸಾಲಿನ ಮುಂದಿದ್ದ ಬಿಳಿ ಬಟ್ಟೆ ನಿಂತಿತು. ನಿಂತು, ಮೇಲಕ್ಕೆ ತಿರುಗಿತು. ಅದರ ಹಿಂದೆ ಇಡೀ ಸಾಲು ಬಾಗಿ, ಗುಂಡಿಯನ್ನು ಬಳಸಿಕೊಂಡು, ಮಂಜಿನೊಳಗೆ ಹೋಗಿ, ಸ್ವಲ್ಪ ಮೇಲೆ ಒಬ್ಬೊಬ್ಬರಾಗಿ ದಡ ಹತ್ತಿತು. ಮೊದಲು ಹತ್ತಿದವಳು ಸಾದತ್. ಕೈಯಲ್ಲಿ ಕಾರ್ಡು. ಹಿಂದಿದ್ದ ಎಲ್ಲರ ಕೈಯಲ್ಲೂ ಕಾರ್ಡು.

ಕೆಂಜೆ ಅವಳ ಭುಜ ಹಿಡಿದು, ಇಷ್ಟು ಜನರನ್ನು ಈ ಮಂಜಿನಲ್ಲಿ ನೀನು ದಾರಿ ತೋರಿಸಿಕೊಂಡು ಬಂದೆಯಾ ಎಂದು ಕೇಳಿದಳು.

ಸಾದತ್ ಸುತ್ತ ನೋಡಿದಳು. "ನಾನು ಎರಡನೆಯೋಳು, ಎಜೆ. ಮುಂದಿದ್ದೋರ ಹಿಂದೆ ಬಂದೆ." ದಡದ ಮೇಲೆ ಅವಳಿಗಿಂತ ಮುಂದೆ ಯಾರೂ ಇರಲಿಲ್ಲ.

ಬತ್ಮಾ ಪ್ರಾರ್ಥನೆ ಮುಗಿಸುವವರ ಹಾಗೆ ಎರಡೂ ಅಂಗೈಯನ್ನು ಮುಖದ ಮೇಲೆ ಸವರಿ ಓಮಿನ್ ಎಂದಳು. ಆಮೇಲೆ ಸಾದತಳ ತೋಳು ಹಿಡಿದು ಶಾಲೆಯ ಕಡೆ ನಡೆದಳು. ದಾರಿಯಲ್ಲಿ ಓಮುರ್ಜಾಕ್ ಎದುರಾಗಿ, ವಯಸ್ಸಾದವರು ಈ ಚಳಿಯಲ್ಲಿ ಯಾಕೆ ಬಂದಿರಿ ಎಂದು ವಿಚಾರಿಸಿದ. ಅವನಿಗೆ ಅವಳು ಕೊಟ್ಟ ಉತ್ತರ ರಸ್ತೆಯ ಆ ತುದಿಯವರೆಗೂ ಕೇಳಿಸಿತು ಎಂದು ಜನ ಈಗಲೂ ಹೇಳುತ್ತಾರೆ. ತನ್ನ ಮಾವ ಏನು ಮಾಡಿದ ಎಂಬುದನ್ನು ಅವಳು ಮತಗಟ್ಟೆಯ ಸಾಲಿನಲ್ಲಿ ನಿಂತು, ಸತ್ತ ಮಾವನ ಹೆಸರು ಹಿಡಿದೇ ಹೇಳಿದಳು. ಗಂಡನ ಮನೆಯ ಹಿರಿಯರ ಹೆಸರನ್ನು ಹೆಂಗಸು ಬಾಯಲ್ಲಿ ಆಡುವುದೇ ಇಲ್ಲದ ಊರಲ್ಲಿ ಆ ಹೆಸರು ಕೇಳಿ ಗಂಡಸರು ಕೆಮ್ಮುವುದನ್ನೂ ಮರೆತು ನಿಂತರು.

ಕೆಂಜೆ ಗೆದ್ದಳು. ತುಂಬ ಅಂತರವೇನಲ್ಲ, ಮೇಲಿನ ಕೇರಿಯ ಹೆಂಗಸರಷ್ಟೇ ಅಂತರ. ಹಿರಿಯರು ಆಶೀರ್ವಾದ ಮಾಡಲಿಲ್ಲ. ಮೊದಲ ಸಭೆಯಲ್ಲಿ ಅವಳಿಗೆ ಒಲೆಯ ಹಿಂದಿನ, ಯಾರಿಗೂ ಕಾಣದ ಕುರ್ಚಿ ಕೊಟ್ಟರು. ಅವಳು ಅದನ್ನು ಎತ್ತಿಕೊಂಡು ಬಂದು ಮುಂದೆ ಹಾಕಿ ಕೂತಳು. ಓಮುರ್ಜಾಕನ ಸೊಸೆಯೂ ಗೆದ್ದಿದ್ದಳು. ಸೇತುವೆಯ ಮಾತು ಬಂದಾಗ ಆ ಹುಡುಗಿ ಯಾರ ಮುಖವನ್ನೂ ನೋಡದೆ, ಯಾರೂ ಹೇಳುವ ಮುಂಚೆ, ಕೈ ಎತ್ತಿದಳು. ಒಂದು ಕೈಯ ಅಂತರದಲ್ಲಿ ನಿರ್ಣಯ ಪಾಸಾಯಿತು. ಕಂಬಗಳನ್ನು ನಿಲ್ಲಿಸಲು ಹೊಳೆ ಇಳಿಯಬೇಕು, ಬೇಸಿಗೆ ಬರಬೇಕು.

ಶಾರ್ಶೆನ್ ಎರಡು ತಿಂಗಳು ಅವಳೊಂದಿಗೆ ಮಾತು ಬಿಟ್ಟಿದ್ದ. ಫೆಬ್ರವರಿಯಲ್ಲಿ ಅವನ ಕೆಂಪು ಕುದುರೆ ಅವಧಿಗೆ ಮುಂಚೆಯೇ ಮರಿ ಹಾಕಲು ಒದ್ದಾಡತೊಡಗಿದಾಗ ಬೇರೆ ದಾರಿಯಿಲ್ಲದೆ ಕರೆಕಳಿಸಿದ. ಕೆಂಜೆ ಹೋಗಿ ಅಂಗಿಯ ತೋಳು ಮಡಚಿ ಕೆಲಸಕ್ಕೆ ಕೂತಳು. ಅವನು ಕುದುರೆಯ ತಲೆ ಹಿಡಿದು ನಿಂತ. ಅವಳ ಕಡೆ ನೋಡದೆ, ಸೇತುವೆ ಕಬ್ಬಿಣದ್ದೋ ಮರದ್ದೋ ಎಂದು ಕೇಳಿದ. ಕಬ್ಬಿಣದ್ದು ಎಂದಳು.

"ನನ್ನ ಹೆಂಡ್ತಿ ಮುಂದಿನ ಸಲ ತಾನೂ ನಿಲ್ತಾಳಂತೆ," ಎಂದ ಶಾರ್ಶೆನ್.

"ಯಾರು ಹೇಳಿದ್ರು ಬಾಯ್ಕೆ?"

"ಅವಳೇ. ಮೊನ್ನೆ ಊಟಕ್ಕೆ ಕೂತಾಗ." ಅವನ ದನಿ ಇಳಿಯಿತು. "ಮೂವತ್ತು ವರ್ಷ ನನ್ನೆದುರು ದನಿ ಎತ್ತಿದವಳಲ್ಲ. ಅದು ಅವಳ ದನಿ ಥರಾನೂ ಇರಲಿಲ್ಲ ಕೆಂಜೆ."

ಕೆಂಜೆ ತಲೆ ಎತ್ತಿ ಅವನನ್ನು ನೋಡಿದಳು. ದೊಡ್ಡ ಆಳು, ಕುದುರೆಯ ಕತ್ತನ್ನು ತಬ್ಬಿ, ಮನೆಯ ಬಾಗಿಲಿನತ್ತ ನೋಡುತ್ತ ನಿಂತಿದ್ದ. ಏನಾದರೂ ಹೇಳಬೇಕು ಅನಿಸಿತು. ಅಷ್ಟರಲ್ಲಿ ಮರಿಯ ಕಾಲು ಅವಳ ಕೈಗೆ ಸಿಕ್ಕಿತು. ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದಳು. ಅವನು ಹಿಡಿದುಕೊಂಡ.